ಬೆಳ್ಳಿಯ ಜಾತಕ

ಮೈಸೂರಿನ ಲಕ್ಷ್ಮೀಪುರದ ಒಂದು ಹಳೆಯ ಹೆಂಚಿನ ಮನೆಯ ಜಗಲಿಯ ಮೇಲೆ, ವೈಶಾಖದ ಬಿಸಿಲಿಳಿದು ತುಸು ಗಾಳಿ ಸುಳಿಯತೊಡಗಿದ ಹೊತ್ತಿನಲ್ಲಿ, ಇಬ್ಬರು ವೃದ್ಧರು ತಮ್ಮೊಳಗೆ ಆಡಿಕೊಂಡ ಮಾತುಗಳನ್ನು ಮೂರನೆಯವನಾಗಿ ಕುಳಿತು ಕೇಳುವ ಸುಯೋಗ ನನಗೊದಗಿತು. ಒಬ್ಬರು ಪ್ರೌಢಶಾಲೆಯಲ್ಲಿ 36 ವರ್ಷ ಗಣಿತವನ್ನು ಬೋಧಿಸಿ ನಿವೃತ್ತರಾದ ಮೇಷ್ಟರು. ಮೇಲುಕೋಟೆಯ ಕಡೆಯ ಮನೆತನ. ಇನ್ನೊಬ್ಬರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಕಲಿತು, ಸರ್ಕಾರದ ಸೇವೆಯಲ್ಲಿ ದನ ಎಮ್ಮೆಗಳ ನಡುವೆ ಕಾಲ ಕಳೆದು, ವಿಶ್ರಾಂತಿಯ ದಿನಗಳಲ್ಲಿ ನಾಯಿ ಬೆಕ್ಕುಗಳ ವೈದ್ಯವನ್ನು ಹೊಸ ವಿದ್ಯಾರ್ಥಿಯ ಉತ್ಸಾಹದಿಂದ ಮತ್ತೊಮ್ಮೆ ಓದಿಕೊಂಡ ಡಾಕ್ಟರು. ಮಾತಿಗೆ ವಿಷಯವಾಗಿದ್ದವಳು ಬೆಳ್ಳಿ ಎಂಬ ಬೂದುಬಣ್ಣದ ಬೆಕ್ಕು. 15 ವರ್ಷದ ಕೆಳಗೆ ಈ ಮನೆಯ ಅಟ್ಟದ ಮೇಲೆ ಹುಟ್ಟಿದವಳು. ಆಕೆ ತುಳಸೀಕಟ್ಟೆಯ ನೆರಳಿನಲ್ಲಿ ಮುಂಗಾಲುಗಳನ್ನು ಮಡಿಸಿಕೊಂಡು ಕುಳಿತು, ತನ್ನ ವಿಷಯಕ್ಕೂ ತನಗೂ ಸಂಬಂಧವೇ ಇಲ್ಲವೆಂಬಂತೆ ಅರೆಗಣ್ಣಾಗಿದ್ದಳು.

ಮೇಷ್ಟರು: ಇದನ್ನು ನೋಡಿ ಡಾಕ್ಟರೇ, ನಿನ್ನೆ ಸಂಜೆ ಕೈಗೆ ಬಂತು. ರಾತ್ರಿ ಎಷ್ಟು ಸಲ ಓದಿದೆನೋ ಎಣಿಸಲಿಲ್ಲ. ಇಪ್ಪತ್ತು ಸಾಲುಗಳಿವೆ, ಅವುಗಳಲ್ಲಿ ಆರರ ಪಕ್ಕದಲ್ಲಿ ನಕ್ಷತ್ರದ ಗುರುತು ಹಾಕಿದ್ದಾರೆ. ಕ್ರಿಯಾಟಿನಿನ್ 4.1 ಅಂತೆ. ಸಕ್ಕರೆ 212. ನನ್ನ ಆಯುಷ್ಯವನ್ನೆಲ್ಲ ಅಂಕಿಗಳ ಜೊತೆಯಲ್ಲಿ ಕಳೆದವನು ನಾನು; ಅಂಕಿಗೆ ಹೆದರುವ ಹುಡುಗರನ್ನು ಗದರಿಸಿದವನು. ನಿನ್ನೆ ರಾತ್ರಿ ಎರಡು ಗಂಟೆಗೆ ಈ ಕಾಗದವನ್ನು ಹಿಡಿದುಕೊಂಡು ಅಡಿಗೆಮನೆಯಲ್ಲಿ ನಿಂತಿದ್ದಾಗ, ನನ್ನ ಹಿಂದಿನ ವಿದ್ಯಾರ್ಥಿಗಳಲ್ಲಿ ಯಾರಾದರೂ ನೋಡಿದ್ದರೆ ಸೇಡು ತೀರಿತೆಂದು ಸಂತೋಷಪಡುತ್ತಿದ್ದರು.

ಡಾಕ್ಟರು: ಕೊಡಿ ಇಲ್ಲಿ. ಆದರೆ ಕಾಗದಕ್ಕೆ ಮೊದಲು ರೋಗಿಯ ಸಮಾಚಾರ ಹೇಳಿ. ರಕ್ತ ತೆಗೆದ ದಿನ ಹೇಗಿದ್ದಳು?

ಮೇಷ್ಟರು: ಅದಕ್ಕೆ ಹಿಂದಿನ ಎರಡು ದಿನ ಅನ್ನ ಮುಟ್ಟಿರಲಿಲ್ಲ. ನಾಲ್ಕು ಸಲ ವಾಂತಿಯಾಗಿತ್ತು. ಮಟಮಟ ಮಧ್ಯಾಹ್ನ ಆಟೋದಲ್ಲಿ ಬುಟ್ಟಿಯೊಳಗೆ ಕೂರಿಸಿಕೊಂಡು ಹೋದೆವು. ಅಲ್ಲಿ ಒಂದೂವರೆ ಗಂಟೆ ಕಾದೆವು. ಎದುರಿಗೊಂದು ನಾಯಿ ಒಂದೇ ಸಮನೆ ಬೊಗಳುತ್ತಿತ್ತು.

ಡಾಕ್ಟರು: ಹಾಗೆ ಹೇಳಿ. ನೀರಿಲ್ಲದೆ ಬತ್ತಿದ ದೇಹದಲ್ಲಿ ರಕ್ತ ಸಾಂದ್ರವಾಗಿ, ಮೂತ್ರಪಿಂಡಗಳ ಕಡೆಗೆ ಹರಿಯುವ ಧಾರೆಯೇ ಕ್ಷೀಣಿಸಿದ್ದಾಗ, ಪಿಂಡಗಳು ಎಷ್ಟೇ ಗಟ್ಟಿಯಾಗಿರಲಿ, ಯೂರಿಯಾವೂ ಕ್ರಿಯಾಟಿನಿನ್ನೂ ಏರಿಯೇ ಏರುತ್ತವೆ. ಆದುದರಿಂದ ಈ 4.1ರಲ್ಲಿ ಎಷ್ಟು ಪಾಲು ಪಿಂಡದ ದೋಷ, ಎಷ್ಟು ಪಾಲು ಬಾಯಾರಿಕೆಯ ದೋಷ ಎಂಬುದನ್ನು ಈ ಕಾಗದವೊಂದೇ ಹೇಳಲಾರದು. ಮೂತ್ರಪರೀಕ್ಷೆಯ ಹಾಳೆ ಎಲ್ಲಿ?

ಮೇಷ್ಟರು: ಅದನ್ನು ಮಾಡಲಿಲ್ಲ. ಕೇಳಬೇಕೆಂದು ನನಗೂ ತಿಳಿಯಲಿಲ್ಲ.

ಡಾಕ್ಟರು: ಹಾಗಾದರೆ ನಿಮ್ಮ ಕೈಯಲ್ಲಿರುವುದು ಅರ್ಧ ಕಥೆ. ಬೆಕ್ಕಿನ ಪೂರ್ವಿಕರು ಆಫ್ರಿಕದ ಉತ್ತರಕ್ಕೂ ಅರಬ್ ದೇಶಗಳಿಗೂ ಸೇರಿದ ಒಣಭೂಮಿಯ ಕಾಡುಬೆಕ್ಕುಗಳು. ಕೊಂದು ತಿಂದ ಇಲಿಯ ಮೈಯಲ್ಲಿದ್ದ ನೀರಿನಿಂದಲೇ ಬಹುಮಟ್ಟಿಗೆ ಬದುಕಿಕೊಂಡವು. ಆ ಕಾರಣದಿಂದ ಅದರ ಮೂತ್ರಪಿಂಡ ಜಿಪುಣನ ಹಾಗೆ ಹನಿ ಹನಿಯನ್ನೂ ಹಿಂದಕ್ಕೆ ಹೀರಿಕೊಂಡು ಬಹಳ ಗಟ್ಟಿಯಾದ ಮೂತ್ರವನ್ನು ಹೊರಕ್ಕೆ ಬಿಡುತ್ತದೆ. ಅದರ ವಿಶಿಷ್ಟ ಗುರುತ್ವ 1.035ಕ್ಕಿಂತ ಮೇಲಿದ್ದರೆ ಪಿಂಡದ ಜಿಪುಣತನ ಉಳಿದಿದೆಯೆಂದು ಅರ್ಥ. ರಕ್ತದಲ್ಲಿ ಕ್ರಿಯಾಟಿನಿನ್ ಏರಿದ್ದು ಮೂತ್ರವೂ ನೀರಾಗಿದ್ದರೆ ಆಗ ಮಾತು ಬೇರೆ.

ಮೇಷ್ಟರು (ಸ್ವಲ್ಪ ಹೊತ್ತು ಸುಮ್ಮನಿದ್ದು): ಇವಳು ಕಳೆದ ದೀಪಾವಳಿಯಿಂದಲೂ ಬಚ್ಚಲಮನೆಯ ಬಕೆಟಿನ ಅಂಚಿಗೆ ಮುಂಗಾಲು ಹಾಕಿ ನೀರು ಕುಡಿಯುತ್ತಿದ್ದಳು. ದಿನಕ್ಕೆ ನಾಲ್ಕೈದು ಸಲ. ನಾನು ಅದನ್ನು ನೋಡಿ, ‘ನೋಡು, ಎಷ್ಟು ಚೆನ್ನಾಗಿ ನೀರು ಕುಡಿಯುತ್ತಾಳೆ, ಆರೋಗ್ಯಕ್ಕೆ ಒಳ್ಳೆಯದು’ ಎಂದು ಮನೆಯಾಕೆಗೆ ಕರೆದು ತೋರಿಸುತ್ತಿದ್ದೆ. ನೀವು ಈಗ ಹೇಳಿದ್ದು ನಿಜವಾದರೆ, ಆರು ತಿಂಗಳಿಂದ ರೋಗವನ್ನು ನೋಡಿ ನಾನು ಚಪ್ಪಾಳೆ ತಟ್ಟುತ್ತಿದ್ದ ಹಾಗಾಯಿತು.

ಡಾಕ್ಟರು: ನಿಮಗೆ ಸಮಾಧಾನವಾಗಲೆಂದು ಸುಳ್ಳು ಹೇಳಲಾರೆ. ಮುದಿಬೆಕ್ಕು ಹೆಚ್ಚು ನೀರು ಕುಡಿಯತೊಡಗಿದರೆ ಅದು ಮೊದಲು ಕಾಣುವ ಚಿಹ್ನೆಗಳಲ್ಲೊಂದು. ಅದನ್ನು ಕಂಡೊಡನೆ ಬಂದಿದ್ದರೆ ಒಳ್ಳೆಯದಿತ್ತು. ಆದರೆ ನಿಮ್ಮ ತಪ್ಪಿನ ತೂಕವನ್ನೂ ಸರಿಯಾಗಿಯೇ ಹಾಕಬೇಕಲ್ಲವೇ? ಈ ಪಿಂಡದ ಔದಾರ್ಯವೇ ವೈದ್ಯನಿಗೆ ಮೋಸ. ಮೂರರಲ್ಲಿ ಎರಡು ಪಾಲು ನಷ್ಟವಾಗುವವರೆಗೆ ಮೂತ್ರ ಗಟ್ಟಿಯಾಗಿಯೇ ಬರುತ್ತಿರುತ್ತದೆ. ನಾಲ್ಕರಲ್ಲಿ ಮೂರು ಪಾಲು ಹೋಗುವವರೆಗೆ ಕ್ರಿಯಾಟಿನಿನ್ ಎದ್ದು ಕಾಣುವುದೇ ಇಲ್ಲ. ಉಳಿದ ನೆಫ್ರಾನುಗಳು ಹೋದವುಗಳ ಕೆಲಸವನ್ನೂ ಬಾಯಿಮುಚ್ಚಿಕೊಂಡು ಮಾಡುತ್ತಿರುತ್ತವೆ. ನೀವು ಬಕೆಟಿನ ಹತ್ತಿರ ನಿಂತು ಸಂತೋಷಪಡುವುದಕ್ಕೆ ಎಷ್ಟೋ ಮೊದಲೇ ಬಹುಪಾಲು ಹೋಗಿತ್ತು. ಹೋದದ್ದು ಔಷಧದಿಂದ ಹಿಂದಕ್ಕೆ ಬರುವಂಥದೂ ಅಲ್ಲ.

ಮೇಷ್ಟರು: ಇಷ್ಟೇ ಅಲ್ಲ, ಇನ್ನೊಂದನ್ನೂ ಒಪ್ಪಿಕೊಂಡುಬಿಡುತ್ತೇನೆ. ವಾಂತಿಯಾದ ದಿನ ಕಿವಿ ಮುಟ್ಟಿ ನೋಡಿದೆ, ಬಿಸಿಯಾಗಿತ್ತು. ಜ್ವರವೆಂದುಕೊಂಡು ಪ್ಯಾರಾಸಿಟಮಾಲ್ ಮಾತ್ರೆಯಲ್ಲಿ ಕಾಲುಭಾಗ ಮುರಿದು ಹಾಲಿನಲ್ಲಿ ಕದಡಿದ್ದೆ. ಮನೆಯಾಕೆ ಲೋಟವನ್ನು ಕಿತ್ತುಕೊಂಡು ಚೆಲ್ಲಿದಳು.

ಡಾಕ್ಟರು: ಆ ತಾಯಿಗೆ ನಮಸ್ಕಾರ ಹೇಳಿ! ಆ ಮಾತ್ರೆಯನ್ನು ಮನುಷ್ಯನ ಯಕೃತ್ತು ಯಾವ ಮಾರ್ಗದಿಂದ ನಿರ್ವಿಷಗೊಳಿಸುತ್ತದೆಯೋ ಆ ಮಾರ್ಗ ಬೆಕ್ಕಿನಲ್ಲಿ ಹೆಚ್ಚು ಕಡಮೆ ಮುಚ್ಚಿಯೇ ಇದೆ. ಕಾಲು ಮಾತ್ರೆಯೂ ಪ್ರಾಣಕ್ಕೆ ಬರಬಹುದು. ಕಿವಿ ಬಿಸಿಯಾಗಿತ್ತೆಂದಿರಿ. ಬೆಕ್ಕಿನ ಸಹಜವಾದ ಶಾಖವೇ 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಿಮ್ಮ ಕೈಗೆ ಅದು ಎಂದೆಂದಿಗೂ ಜ್ವರವೇ.

ಇಲ್ಲಿ ಮೇಷ್ಟರು ಎದ್ದು ಒಳಗೆ ಹೋಗಿ ಕಾಫಿಗೆ ಹೇಳಿ ಬಂದರು. ಹೇಳುವುದಕ್ಕೆ ಅಷ್ಟು ಹೊತ್ತು ಬೇಕಾಗಿರಲಿಲ್ಲ. ಕಣ್ಣೊರಸಿಕೊಂಡು ಬಂದರೆಂದು ನನ್ನ ಊಹೆ.

ಡಾಕ್ಟರು: ಈಗ ನಿಮ್ಮ ಆರು ನಕ್ಷತ್ರಗಳ ಕಡೆಗೆ ಬರೋಣ. ಈ ಎಡಗಡೆಯ ಅಂಕಿಯ ಎದುರಿಗೆ ‘ಇಷ್ಟರಿಂದ ಇಷ್ಟರವರೆಗೆ’ ಎಂದು ಮಿತಿಯನ್ನು ಕೊಟ್ಟಿದ್ದಾರಲ್ಲ, ಅದು ಎಲ್ಲಿಂದ ಬಂತೆಂದು ಬಲ್ಲಿರಾ? ಆರೋಗ್ಯವಾಗಿರುವ ಅನೇಕ ಬೆಕ್ಕುಗಳ ರಕ್ತವನ್ನು ನೋಡಿ, ಸಿಕ್ಕ ಬೆಲೆಗಳಲ್ಲಿ ನಡುವಣ ನೂರಕ್ಕೆ 95ನ್ನು ಇಟ್ಟುಕೊಂಡು ಎರಡು ತುದಿಗಳನ್ನು ಕತ್ತರಿಸಿಬಿಡುತ್ತಾರೆ. ಎಂದರೆ, ಯಾವ ರೋಗವೂ ಇಲ್ಲದ ನೂರು ಬೆಕ್ಕುಗಳಲ್ಲಿ ಐದು ಪ್ರತಿಯೊಂದು ಪರೀಕ್ಷೆಯಲ್ಲಿಯೂ ಮಿತಿಯ ಹೊರಗೇ ಬೀಳುತ್ತವೆ. ಹಾಗಿದ್ದರೆ ಇಪ್ಪತ್ತು ಪರೀಕ್ಷೆ ಮಾಡಿಸಿದ ಆರೋಗ್ಯವಂತ ಬೆಕ್ಕಿಗೆ ಒಂದಾದರೂ ನಕ್ಷತ್ರ ಬೀಳುವ ಸಂಭವ ಎಷ್ಟು? ಮೇಷ್ಟರು ನೀವು.

ಮೇಷ್ಟರು: ಒಂದೂ ಬೀಳದಿರುವ ಸಂಭವ 0.95ರ ಇಪ್ಪತ್ತನೆಯ ಘಾತ... ವರ್ಗ 0.9025... ನಾಲ್ಕನೆಯದು 0.8145... ಸುಮಾರು 0.36 ಬರುತ್ತದೆ. ಆದುದರಿಂದ ಬೀಳುವ ಸಂಭವ ನೂರಕ್ಕೆ 64. ಅರ್ಧಕ್ಕಿಂತ ಹೆಚ್ಚಾಯಿತಲ್ಲ ಸ್ವಾಮಿ! ಆದರೆ ಒಂದು ಆಕ್ಷೇಪ: ಇದು ಇಪ್ಪತ್ತು ಪರೀಕ್ಷೆಗಳೂ ಪರಸ್ಪರ ಸ್ವತಂತ್ರವಾಗಿದ್ದರೆ ಮಾತ್ರ. ಯೂರಿಯಾ ಏರಿದಾಗ ಕ್ರಿಯಾಟಿನಿನ್ನೂ ಜೊತೆಯಲ್ಲೇ ಏರುವುದಾದರೆ ಲೆಕ್ಕ ಕೆಡುತ್ತದೆ.

ಡಾಕ್ಟರು: ನಿನ್ನೆ ರಾತ್ರಿ ಎರಡು ಗಂಟೆಗೆ ಈ ಬುದ್ಧಿ ಎಲ್ಲಿ ಹೋಗಿತ್ತು? ಇರಲಿ, ಈ ಸಮಾಧಾನವನ್ನು ಅಗತ್ಯಕ್ಕಿಂತ ಹೆಚ್ಚು ಹಿಗ್ಗಿಸಬೇಡಿ. ಮಿತಿಯಿಂದ ಕೂದಲೆಳೆಯಷ್ಟು ಆಚೆಗೆ ನಿಂತ ನಕ್ಷತ್ರಗಳಿಗೆ ಮಾತ್ರ ಅದು ಸಲ್ಲುತ್ತದೆ. ಇಲ್ಲಿ ಅಂಥವು ಮೂರಿವೆ, ಅವನ್ನು ಮರೆತುಬಿಡಿ. 4.1 ಅಂಥದಲ್ಲ. ಸಕ್ಕರೆಯ 212 ಇನ್ನೊಂದು ಬಗೆ. ಹೆದರಿದ ಬೆಕ್ಕಿನ ರಕ್ತದಲ್ಲಿ ಸಕ್ಕರೆ ಕೆಲವು ನಿಮಿಷಗಳಲ್ಲಿಯೇ ಮೇಲೇರುತ್ತದೆ. ಬೊಗಳುವ ನಾಯಿಯ ಎದುರಿಗೆ ಒಂದೂವರೆ ಗಂಟೆ ಕೂರಿಸಿದಿರಲ್ಲ, ಆ ನಾಯಿಯ ಲೆಕ್ಕವೂ ಇದರೊಳಗೆ ಸೇರಿದೆ. ಮನೆಯಲ್ಲಿ ಶಾಂತವಾಗಿದ್ದಾಗ ಮೂತ್ರದಲ್ಲಿ ಸಕ್ಕರೆ ಇಲ್ಲವೆಂದಾದರೆ ಮಧುಮೇಹದ ಭಯವನ್ನು ಬಿಡಬಹುದು.

ಮೇಷ್ಟರು: ಆದರೆ ಫೋನಿನಲ್ಲಿ ಓದಿದೆ. ಮೂತ್ರಪಿಂಡದ ಕ್ಷಯಕ್ಕೆ ನಾಲ್ಕು ಹಂತವಂತೆ. 2.9ರಿಂದ 5ರವರೆಗೆ ಮೂರನೆಯದು. ಇವಳು ಅದರ ನಡುವೆ ನಿಂತಿದ್ದಾಳೆ. ಅಮೆರಿಕದಲ್ಲಿ ಇನ್ನೂರಕ್ಕೂ ಹೆಚ್ಚು ಬೆಕ್ಕುಗಳನ್ನು ನೋಡಿ 2008ರಲ್ಲಿ ಪ್ರಕಟಿಸಿದ ಒಂದು ವರದಿಯೂ ಸಿಕ್ಕಿತು: ಮೂರನೆಯ ಹಂತದವು ಬದುಕಿದ್ದು 778 ದಿನ, ನಾಲ್ಕನೆಯದಕ್ಕೆ ಹೋದರೆ 103. ನಾನು ಕ್ಯಾಲೆಂಡರನ್ನು ತೆಗೆದು 778 ದಿನವನ್ನು ಎಣಿಸಿಯೂ ಬಿಟ್ಟೆ.

ಡಾಕ್ಟರು: ಅದು ಸರಾಸರಿಯೋ ಮಧ್ಯಾಂಕವೋ?

ಮೇಷ್ಟರು: ಮಧ್ಯಾಂಕ.

ಡಾಕ್ಟರು: ಮಧ್ಯಾಂಕವೆಂದರೇನೆಂದು ಹತ್ತನೆಯ ತರಗತಿಯ ಹುಡುಗನಿಗೆ ಹೇಗೆ ಹೇಳುತ್ತಿದ್ದಿರಿ?

ಮೇಷ್ಟರು: ಅರ್ಧ ಇದರ ಕೆಳಗೆ, ಅರ್ಧ ಇದರ ಮೇಲೆ. ಮೇಲಿನ ಅರ್ಧ ಎಷ್ಟು ದೂರ ಹೋಗಿದೆಯೆಂದು ಇದು ಹೇಳುವುದಿಲ್ಲ ಎಂದು... ಆಯಿತು, ಆಯಿತು. ಆದರೆ ಕೆಳಗಿನ ಅರ್ಧವೂ ಇದೆಯಷ್ಟೆ?

ಡಾಕ್ಟರು: ಇದೆ. ನಾನೇನು ಇಲ್ಲವೆನ್ನಲಿಲ್ಲ. ಆದರೆ ಬೆಳ್ಳಿಯನ್ನು ಆ ಪಟ್ಟಿಯಲ್ಲಿ ಸೇರಿಸುವುದಕ್ಕೆ ನಿಮಗೆ ಅಧಿಕಾರ ಕೊಟ್ಟವರು ಯಾರು? ಆ ಹಂತಗಳನ್ನು ಗೊತ್ತುಮಾಡಿದ್ದು ಐರಿಸ್ ಎಂಬ ಪಶುವೈದ್ಯರ ಅಂತರರಾಷ್ಟ್ರೀಯ ಮಂಡಲಿ, 1998ರಲ್ಲಿ ಹುಟ್ಟಿತು. ಅವರದೇ ಕಟ್ಟಳೆಯಿದೆ: ದೇಹದಲ್ಲಿ ನೀರು ಸರಿಯಾಗಿದ್ದು, ಪ್ರಾಣಿ ಸ್ಥಿರವಾಗಿದ್ದಾಗ, ಒಂದಲ್ಲ ಎರಡು ಸಲ ನೋಡಿದ ಮೇಲೆಯೇ ಹಂತವನ್ನು ಹೇಳಬೇಕು. ಮೇಷ್ಟರೇ, ನೀವು ಈ ಕಾಗದವನ್ನು ಜಾತಕವನ್ನು ಓದುವಂತೆ ಓದುತ್ತಿದ್ದೀರಿ. ಇಷ್ಟನೆಯ ಮನೆಯಲ್ಲಿ ಇಂಥ ಗ್ರಹ, ಆದುದರಿಂದ ಇಷ್ಟು ಆಯುಸ್ಸು ಎಂದು. ಇದು ಜಾತಕವಲ್ಲ, ಪಂಚಾಂಗದ ಒಂದು ದಿನದ ಸಾಲು. ಆ ಮಂಗಳವಾರ ಮಧ್ಯಾಹ್ನ, ಹಸಿದು ಬತ್ತಿ ಹೆದರಿದ್ದ ಒಂದು ಪ್ರಾಣಿಯ ತಿಥಿ ವಾರ ನಕ್ಷತ್ರ. ಬುಧವಾರದ್ದು ಇದರಲ್ಲಿಲ್ಲ.

ಮೇಷ್ಟರು: ಪಕ್ಕದ ಮನೆಯವರು ನಿನ್ನೆ, ‘ಒಂದು ಬೆಕ್ಕಿಗೆ ಇಷ್ಟು ರಗಳೆಯೇ ಮೇಷ್ಟರೇ? ಬೀದಿಯಲ್ಲಿ ಬೇಕಾದಷ್ಟು ಮರಿಗಳಿವೆ’ ಎಂದರು. ಉತ್ತರ ಹೊಳೆಯಲಿಲ್ಲ.

ಡಾಕ್ಟರು: ಈ ಹುಚ್ಚು ನಿಮ್ಮದೊಂದೇ ಅಲ್ಲ. ಸೈಪ್ರಸ್ ದ್ವೀಪದಲ್ಲಿ 9,500 ವರ್ಷ ಹಳೆಯದಾದ ಒಂದು ಮನುಷ್ಯನ ಸಮಾಧಿಯ ಪಕ್ಕದಲ್ಲಿಯೇ ಬೆಕ್ಕೊಂದನ್ನು ಹೂಳಿದ್ದು 2004ರಲ್ಲಿ ಪ್ರಕಟವಾಯಿತು. ಅವರ ಪಕ್ಕದ ಮನೆಯವರೂ ಏನೋ ಅಂದಿರುತ್ತಾರೆ. ಬಿಡಿ.

ಮೇಷ್ಟರು: ನನಗೆ ಕಷ್ಟವಾಗುವುದು ಬೇರೊಂದು ಕಾರಣದಿಂದ. ನಮ್ಮ ಶ್ರೀವೈಷ್ಣವ ಸಂಪ್ರದಾಯದಲ್ಲಿ ಮರ್ಕಟನ್ಯಾಯ, ಮಾರ್ಜಾರನ್ಯಾಯವೆಂದು ಎರಡಿವೆ, ನೀವೂ ಕೇಳಿರಬೇಕು. ಕೋತಿಯ ಮರಿ ತಾಯಿಯನ್ನು ತಾನೇ ಬಿಗಿಯಾಗಿ ಹಿಡಿದುಕೊಳ್ಳಬೇಕು. ಬೆಕ್ಕಿನ ಮರಿಗೆ ಆ ಪ್ರಯತ್ನವೂ ಇಲ್ಲ, ತಾಯಿಯೇ ಕುತ್ತಿಗೆ ಕಚ್ಚಿ ಎತ್ತಿಕೊಂಡು ಹೋಗುತ್ತಾಳೆ. ತೆಂಗಲೆಯವರು ಭಗವಂತನ ಕೃಪೆಗೆ ಕೊಡುವ ಉಪಮಾನ ಅದು. ಬಾಲ್ಯದಿಂದ ಕೇಳಿದ್ದೇನೆ, ಮರಿಯ ಸ್ಥಾನದಲ್ಲಿ ನನ್ನನ್ನೇ ಇಟ್ಟುಕೊಂಡು ಕೇಳಿದ್ದೇನೆ. ನಿನ್ನೆ ರಾತ್ರಿ ಮೊದಲ ಸಲ ತಾಯಿಯ ಸ್ಥಾನ ನೆನಪಿಗೆ ಬಂತು. ಇವಳನ್ನು ಎಲ್ಲಿಗೆ ಎತ್ತಿಕೊಂಡು ಹೋಗಬೇಕೆಂದು ಗೊತ್ತಿಲ್ಲದ ತಾಯಿ ಎಂಥ ತಾಯಿ? ಇವಳು ಪೂರ್ಣವಾಗಿ ಶರಣಾಗಿದ್ದಾಳೆ, ನಾನು ಆ ಶರಣಾಗತಿಗೆ ಯೋಗ್ಯನಲ್ಲ.

ಡಾಕ್ಟರು: ಶರಣಾಗತಿಯೇ? ನಿಮ್ಮ ಮುಂಗೈಯ ಮೇಲೆ ಮೊಣಕೈವರೆಗೆ ಪರಚಿದ ಗೀರುಗಳು ಕಾಣುತ್ತಿವೆಯಲ್ಲ, ಬುಟ್ಟಿಗೆ ಹಾಕುವಾಗ ಆದದ್ದೇ ತಾನೆ? ಪ್ರಪತ್ತಿ ಮಾಡಿದವರು ಹೀಗೆ ಪರಚುವುದಿಲ್ಲ. ಆಕೆಗೆ ಆಕೆಯದೇ ಅಭಿಪ್ರಾಯಗಳಿವೆ, ಸದ್ಯಕ್ಕೆ ಅದೇ ನನಗೆ ಕಾಣುವ ಶುಭಲಕ್ಷಣ.

ಮೇಷ್ಟರು ನಕ್ಕರು. ಕಾಫಿ ಬಂತು. ತಂದಿಟ್ಟ ಮನೆಯಾಕೆ ಒಳಕ್ಕೆ ಹೋಗದೆ ಬಾಗಿಲ ದಾರಂದಕ್ಕೆ ಒರಗಿ ನಿಂತರು. ಆಮೇಲಿನ ಮಾತೆಲ್ಲ ಅವರಿಗೂ ಸೇರಿಯೇ ನಡೆಯಿತು.

ಡಾಕ್ಟರು: ಈಗ ಮಾಡಬೇಕಾದದ್ದನ್ನು ಹೇಳುತ್ತೇನೆ. ಮೊದಲು ಇವಳ ಮೈಗೆ ನೀರು ಸೇರಬೇಕು. ಮೂರು ದಿನ ನಾನೇ ಬಂದು ಹೆಗಲ ಮೇಲಿನ ಸಡಿಲವಾದ ಚರ್ಮದ ಕೆಳಗೆ 100 ಮಿಲಿಲೀಟರು ಆರ್.ಎಲ್. ಸಲೈನು ಕೊಡುತ್ತೇನೆ. ಒಂದು ಸಣ್ಣ ಡುಬ್ಬವಾಗುತ್ತದೆ, ಹೆದರಬೇಡಿ. ಕೆಲವು ಗಂಟೆಗಳಲ್ಲಿ ಮೈ ಹೀರಿಕೊಳ್ಳುತ್ತದೆ. ವಾಂತಿ ನಿಲ್ಲುವುದಕ್ಕೆ ಔಷಧ ಕೊಡುತ್ತೇನೆ. ಆಮೇಲೆ ಆಹಾರ. ಬೆಕ್ಕು ಎರಡು ಮೂರು ದಿನ ಉಪವಾಸವಿದ್ದರೆ ಮೈಯ ಕೊಬ್ಬು ಹರಿದುಬಂದು ಯಕೃತ್ತಿನಲ್ಲಿ ತುಂಬಿಕೊಂಡು ಇನ್ನೊಂದು ದೊಡ್ಡ ರೋಗವಾಗುತ್ತದೆ. ಏಕಾದಶಿ ನಿಮಗೆ, ಅವಳಿಗಲ್ಲ. ಮೂತ್ರಪಿಂಡದ ರೋಗಿಗಳಿಗೆಂದು ರಂಜಕವನ್ನೂ ಸಸಾರಜನಕವನ್ನೂ ಇಳಿಸಿ ಮಾಡಿದ ಡಬ್ಬಿಯ ಆಹಾರ ಸಿಗುತ್ತದೆ. ಅದು ಒಳ್ಳೆಯದೇ. ಆದರೆ ಇಂದೇ ತಂದು ಮುಂದಿಡಬೇಡಿ.

ಮೇಷ್ಟರು: ಅದೇಕೆ? ಒಳ್ಳೆಯದಾದರೆ ತಡವೇಕೆ?

ಡಾಕ್ಟರು: ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನೆನಪಿದೆಯೇ? ರಾಯರು ಕೊಟ್ಟ ಹಸುವಿನ ಹಾಲನ್ನೆಲ್ಲ ತಾನು ಕುಡಿದು, ಬೆಕ್ಕಿಗೆ ಮೊದಲ ದಿನವೇ ಕುದಿಯುವ ಹಾಲನ್ನಿಟ್ಟ; ಬಾಯಿ ಸುಟ್ಟುಕೊಂಡ ಬೆಕ್ಕು ಆಮೇಲೆ ಹಾಲು ಕಂಡರೆ ಓಡಿತು. ಕಥೆ ನಗುವುದಕ್ಕೆ ಹುಟ್ಟಿತಾದರೂ ಬೆಕ್ಕಿನ ಸ್ವಭಾವವನ್ನು ಬಲ್ಲವನು ಕಟ್ಟಿದ್ದು. ಓಕರಿಕೆಯಿಂದ ಹೊಟ್ಟೆ ತೊಳಸುತ್ತಿರುವಾಗ ಯಾವ ಹೊಸ ಆಹಾರವನ್ನು ಮುಂದಿಟ್ಟರೂ ಬೆಕ್ಕು ಆ ಸಂಕಟಕ್ಕೂ ಆ ವಾಸನೆಗೂ ಗಂಟುಹಾಕಿ, ಗುಣವಾದ ಮೇಲೆಯೂ ಅದನ್ನು ಮೂಸುವುದಿಲ್ಲ. ಮೊದಲು ಹಳೆಯ ಆಹಾರ, ತುಸು ಬೆಚ್ಚಗೆ ಮಾಡಿ. ಹಸಿವು ತಿರುಗಿ ಬಂದಮೇಲೆ ಹೊಸದನ್ನು ಚಿಟಿಕೆ ಚಿಟಿಕೆಯಾಗಿ ಬೆರೆಸುತ್ತ ಹೋಗಿ. ಎರಡು ವಾರ ಹಿಡಿಯಲಿ, ನಾಲ್ಕು ವಾರ ಹಿಡಿಯಲಿ. ಆ ಬಳಿಕವೇ ಎರಡನೆಯ ರಕ್ತಪರೀಕ್ಷೆ ಎನ್ನುವುದಿಲ್ಲ. ಅದು ಹತ್ತು ಹನ್ನೆರಡು ದಿನದಲ್ಲಿ ಆಗಲಿ. ಜೊತೆಗೆ ಮೂತ್ರ, ಥೈರಾಯ್ಡ್, ರಕ್ತದೊತ್ತಡ.

ಮೇಷ್ಟರು: ಬೆಕ್ಕಿಗೆ ರಕ್ತದೊತ್ತಡವೇ? ಅದೂ ನನ್ನ ಹಾಗೆ?

ಡಾಕ್ಟರು: ನಿಮ್ಮ ಹಾಗೆಯೇ. ಬಾಲಕ್ಕೋ ಮುಂಗಾಲಿಗೋ ಪಟ್ಟಿ ಸುತ್ತಿ ನೋಡುತ್ತಾರೆ. ಮೂತ್ರಪಿಂಡ ಕೆಟ್ಟ ಬೆಕ್ಕುಗಳಲ್ಲಿ ಅನೇಕವಕ್ಕೆ ಅದು ಏರಿರುತ್ತದೆ. ಬಿಟ್ಟರೆ ಒಂದು ಬೆಳಗ್ಗೆ ಕಣ್ಣಿನ ಅಕ್ಷಿಪಟಲ ಕಳಚಿ ಕುರುಡಾಗಿ ಏಳುತ್ತವೆ. ನಿಮ್ಮ ವಯಸ್ಸೆಷ್ಟು?

ಮೇಷ್ಟರು: 76.

ಡಾಕ್ಟರು: ಬೆಕ್ಕಿನ ವಯಸ್ಸನ್ನು ಮನುಷ್ಯನದಕ್ಕೆ ಹೊಂದಿಸುವ ನಮ್ಮ ಕೋಷ್ಟಕದಲ್ಲಿ 15ರ ಎದುರಿಗೆ ಬರೆದಿರುವುದೂ 76. ಸಮವಯಸ್ಕರು.

ಮೇಷ್ಟರು: ಇನ್ನೊಂದು ಮಾತನ್ನು ಕೇಳಬೇಕು, ಕೇಳುವುದಕ್ಕೆ ನಾಲಗೆ ಏಳುತ್ತಿಲ್ಲ. ನೋವು ಪಡುವ ಹಾಗಾದರೆ... ಸೂಜಿ ಕೊಟ್ಟು ಮಲಗಿಸುತ್ತಾರಂತಲ್ಲ.

ಡಾಕ್ಟರು: ಮಲಗಿಸುತ್ತಾರೆ. ನಾನೂ ಮಾಡಿದ್ದೇನೆ, ಸರಿಯಾದ ಹೊತ್ತಿನಲ್ಲಿ ಅದು ಕರುಣೆಯೇ ಎಂದು ನಂಬಿದ್ದೇನೆ. ಆದರೆ ಆ ಹೊತ್ತನ್ನು ರಾತ್ರಿ ಎರಡು ಗಂಟೆಗೆ ಅಡಿಗೆಮನೆಯಲ್ಲಿ ನಿಂತು ಗೊತ್ತುಮಾಡಬೇಡಿ, ಈ ಕಾಗದದಿಂದಲೂ ಗೊತ್ತುಮಾಡಬೇಡಿ. ಬೆಕ್ಕು ನೋವನ್ನು ಬಾಯಿಬಿಟ್ಟು ಹೇಳುವ ಜಾತಿಯಲ್ಲ, ಸಂಕಟದಲ್ಲಿರುವಾಗಲೂ ಗುರುಗುಟ್ಟುವುದುಂಟು. ನೀವು ನೋಡಬೇಕಾದದ್ದು ಬೇರೆ. ತಟ್ಟೆಯ ಹತ್ತಿರ ತಾನಾಗಿ ಬರುತ್ತಾಳೆಯೇ? ಮೈಯನ್ನು ನೆಕ್ಕಿ ಶುಚಿಮಾಡಿಕೊಳ್ಳುತ್ತಾಳೆಯೇ? ಬೆಳಗಿನ ಬಿಸಿಲಿಗೆ ತುಳಸೀಕಟ್ಟೆಗೆ ಬರುತ್ತಾಳೆಯೇ, ಇಲ್ಲ ಮಂಚದ ಕೆಳಗಿನ ಮೂಲೆಯಲ್ಲಿಯೇ ಉಳಿಯುತ್ತಾಳೆಯೇ? ನಿಮ್ಮ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತೀರಲ್ಲ, ಅದೇ ಚೌಕದಲ್ಲಿ ಒಳ್ಳೆಯ ದಿನಕ್ಕೊಂದು ಚುಕ್ಕಿ, ಕೆಟ್ಟ ದಿನಕ್ಕೊಂದು ಅಡ್ಡಗೆರೆ ಹಾಕಿ. ಅಡ್ಡಗೆರೆಗಳು ಚುಕ್ಕಿಗಳನ್ನು ಮೀರತೊಡಗಿದ ತಿಂಗಳು ನನ್ನನ್ನು ಕರೆಯಿರಿ. ಆಗ ಇಬ್ಬರೂ ಕುಳಿತು ಮಾತಾಡೋಣ.

ಕತ್ತಲಾಗುತ್ತ ಬಂದಿತ್ತು. ಡಾಕ್ಟರು ಚೀಲದಿಂದ ಸಲೈನಿನ ಬಾಟಲಿಯನ್ನು ತೆಗೆದರು. ಮೇಷ್ಟರು ಹಿಡಿದುಕೊಳ್ಳಲು ಹೋಗಿ ಕೈನಡುಗಿ ಹಿಂದಕ್ಕೆ ಸರಿದರು. ಮನೆಯಾಕೆ ಬೆಳ್ಳಿಯನ್ನು ಹಳೆಯ ಪಂಚೆಯಲ್ಲಿ ಸುತ್ತಿ ಮಡಿಲಿಗೆ ತೆಗೆದುಕೊಂಡರು. ಐವತ್ತು ವರ್ಷ ಹೂ ಕಟ್ಟಿದ ಬೆರಳುಗಳು ಚರ್ಮವನ್ನು ಗುಡಾರದಂತೆ ಮೇಲಕ್ಕೆತ್ತಿ ಹಿಡಿದ ರೀತಿಯನ್ನು ನೋಡಿ, ಮೂರನೆಯ ದಿನ ಡಾಕ್ಟರು ಸೂಜಿಯನ್ನು ಅವರ ಕೈಗೇ ಕೊಟ್ಟರೆಂದು ಆಮೇಲೆ ತಿಳಿಯಿತು.

ನಾನು ಮತ್ತೆ ಆ ಜಗಲಿಗೆ ಹೋದದ್ದು ಹದಿನೈದು ದಿನ ಕಳೆದ ಮೇಲೆ. ಎರಡನೆಯ ಕಾಗದ ಬಂದಿತ್ತು. ಕ್ರಿಯಾಟಿನಿನ್ 2.6, ಎರಡನೆಯ ಹಂತವೆಂದು ಹೇಳಬಹುದಾದರೂ ಇನ್ನೊಮ್ಮೆ ನೋಡಿಯೇ ಹೇಳುತ್ತೇನೆಂದು ಡಾಕ್ಟರು ಹಟ ಹಿಡಿದಿದ್ದರು. ಸಕ್ಕರೆ 118, ಮೂತ್ರದಲ್ಲಿ ಸಕ್ಕರೆಯಿಲ್ಲ; ಥೈರಾಯ್ಡ್ ಸರಿಯಾಗಿತ್ತು. ಆದರೆ ಮೂತ್ರದ ವಿಶಿಷ್ಟ ಗುರುತ್ವ 1.016. ಪಿಂಡದ ರೋಗ ಇರುವುದು ನಿಜವೆಂದಾಯಿತು. ಆ ಮಾತನ್ನು ಮೇಷ್ಟರು ನನಗೆ ಹೇಳಿದಾಗ ಸ್ವರ ಸ್ವಲ್ಪ ತಗ್ಗಿತೇ ಹೊರತು ಒಡೆಯಲಿಲ್ಲ. ರಕ್ತದೊತ್ತಡ 176 ಇತ್ತಂತೆ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಹನ್ನೊಂದು ಚುಕ್ಕಿಗಳೂ ನಾಲ್ಕು ಅಡ್ಡಗೆರೆಗಳೂ ಇದ್ದವು. ಬೆಳ್ಳಿ ಬಚ್ಚಲಮನೆಯ ಬಕೆಟಿನಲ್ಲಿ ಈಗಲೂ ನೀರು ಕುಡಿಯುತ್ತಾಳೆ; ಅದು ಸದಾ ತುಂಬಿರಬೇಕೆಂದು ಡಾಕ್ಟರ ಆಜ್ಞೆ.

ಮೇಷ್ಟರ ತಗಡಿನ ಡಬ್ಬಿಯಲ್ಲಿ ಈಗ ರಕ್ತದೊತ್ತಡದ ಮಾತ್ರೆಯಾದ ಅಮ್ಲೋಡಿಪಿನ್ನಿನ ಎರಡು ಪಟ್ಟಿಗಳಿವೆ. ಒಂದು ಮೇಷ್ಟರದು, 5 ಮಿಲಿಗ್ರಾಮಿನದು. ಇನ್ನೊಂದು ಡಾಕ್ಟರು ಬರೆದುಕೊಟ್ಟ 2.5 ಮಿಲಿಗ್ರಾಮಿನದು, ಅದರಲ್ಲಿ ಒಂದು ಮಾತ್ರೆಯನ್ನು ಮನೆಯಾಕೆ ಬ್ಲೇಡಿನಿಂದ ನಾಲ್ಕು ಸಮಭಾಗ ಮಾಡಿ ದಿನಕ್ಕೊಂದರಂತೆ ಕೊಡುತ್ತಾರೆ. ಅದಲುಬದಲಾಗದಿರಲೆಂದು ಬೆಳ್ಳಿಯ ಪಟ್ಟಿಗೆ ಕೆಂಪು ದಾರ ಕಟ್ಟಿದ್ದಾರೆ.